ಭತ್ತ ಕಚ್ಚುವ ಬಾಯಿ

ಬಳಗಾನೂರು
9 ಡಿಸೆಂಬರ್ 2021

ಅಕ್ಕಾ,

ನಾನು ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ. ಆದ್ದರಿಂದ ಆ ಸಾಲನ್ನು ಬಿಟ್ಟೇ ಶುರು ಮಾಡುತ್ತೇನೆ. ಈ ಕಾಲದಲ್ಲಿ ಕಾಗದ ಯಾಕೆ ಎಂದು ಕೇಳಬೇಡ. ಈ ಮನೆಯಲ್ಲಿ ಫೋನು ಬಂದರೆ ಸ್ಪೀಕರ್ ಹಾಕಿಯೇ ಮಾತಾಡಬೇಕು, ಇಲ್ಲಿನ ಕಾನೂನು ಅದು. ಹೋದ ವಾರ ನೀನು "ಹೆಂಗದಾನ ನಿನ್ನ ಗಂಡ?" ಎಂದು ಕೇಳಿದ್ದನ್ನು ಅತ್ತೆ ಪೀರಮ್ಮ ಕೇಳಿದಳು, ಪಕ್ಕದ ಮನೆಯವರು ಕೇಳಿದರು, ಹಾಲು ಹಾಕಲು ಬಂದವಳೂ ಕೇಳಿದಳು. ಉತ್ತರ ಕೊಟ್ಟವನು ಅವನೇ. "ಚಲೋ ಅದಾನ್ರಿ ಅಕ್ಕಾರ!" ಎಲ್ಲರೂ ನಕ್ಕರು. ವಾಟ್ಸಾಪಿನಲ್ಲಿ ಬರೆದರೆ ಅವನೇ ಜೋರಾಗಿ ಓದಿ ಹೇಳುತ್ತಾನೆ. ಇನ್ನು ಮೇಲೆ ನಿನ್ನ ಕಾಗದವನ್ನು ನಾನು ಕೆಲಸ ಮಾಡುವ ಆಸ್ಪತ್ರೆಯ ವಿಳಾಸಕ್ಕೆ ಹಾಕು. ಮೇಲೆ 'ಲ್ಯಾಬ್' ಎಂದು ಬರೆ, ಯಾರೂ ಮುಟ್ಟುವುದಿಲ್ಲ.

ಮದುವೆಯಾಗಿ ಎರಡು ತಿಂಗಳು. ನಾನು ದಿನಕ್ಕೆ ಹತ್ತು ಜನರ ಕಫವನ್ನು ಗಾಜಿನ ಮೇಲೆ ಸವರಿ ನೋಡುವವಳು. ಮಲ, ಮೂತ್ರ, ಕೀವು ಯಾವುದಕ್ಕೂ ಮೂಗು ಮುಚ್ಚಿಕೊಂಡವಳಲ್ಲ. ಆದರೆ ಈ ಪಂಪಾಪತಿ ಎಂಬ ಮನುಷ್ಯ ಮನೆಯೊಳಗೆ ಕಾಲಿಟ್ಟರೆ ನಾನು ಮೂಗಿಗೆ ಸೆರಗು ಹಿಡಿದು ಹಿತ್ತಲಿಗೆ ಹೋಗುತ್ತೇನೆ.

ಅಕ್ಕಿ ಗಿರಣಿಗೆ ಭತ್ತ ಖರೀದಿ ಮಾಡುವ ಹುಡುಗ ಎಂದು ನಮಗೆ ಹೇಳಿದ್ದರು. ಹೇಗೆ ಖರೀದಿ ಮಾಡುತ್ತಾನೆಂದು ಯಾರೂ ಹೇಳಲಿಲ್ಲ. ಬಾಯಿಂದ! ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ನಾಲ್ಕು ಕಾಳು ತೆಗೆಯುತ್ತಾನೆ. ಮುಂದಿನ ಹಲ್ಲಿನಲ್ಲಿಟ್ಟು ಕಚ್ಚುತ್ತಾನೆ. ಕಟ್ ಎಂದರೆ ಒಣಗಿದ್ದು, ಮೆತ್ತಗೆ ಮುರಿದರೆ ಹಸಿ. ನೂರಕ್ಕೆ ಹದಿನಾಲ್ಕು ಪಾಲಿಗಿಂತ ಹೆಚ್ಚು ನೀರಿದೆ ಎಂದು ಅವನು ಹೇಳಿದರೆ ರೈತನಿಗೆ ಚೀಲದ ಮೇಲೆ ಕಡಿತ. ಹಮಾಲಿಯಾಗಿ ಸೇರಿ ಹಲ್ಲಿನ ಬಲದಿಂದಲೇ ಮೇಲೆ ಬಂದವನಂತೆ. ಅತ್ತೆ ಅದನ್ನು ಹಾಡಿನ ಹಾಗೆ ಹೇಳುತ್ತಾಳೆ.

ಕಚ್ಚಿದ್ದನ್ನು ಉಗುಳಬೇಕಲ್ಲ. ದಿನಕ್ಕೆ ಇನ್ನೂರು ಸಲ ಉಗುಳಿ ಉಗುಳಿ ಮನೆಗೆ ಬಂದ ಮೇಲೂ ಬಾಯಿ ನಿಲ್ಲುವುದಿಲ್ಲ. ಹೊಸ್ತಿಲಲ್ಲಿ ಥೂ, ಬಚ್ಚಲಲ್ಲಿ ಥೂ, ಮಂಚದ ಮಗ್ಗುಲಲ್ಲಿ ಥೂ. ನನ್ನ ದಿಂಬಿನ ಮೇಲೆ ಹೊಟ್ಟು. ಮಧ್ಯೆ ಮಧ್ಯೆ ಗುಟ್ಕಾ ಬೇರೆ. ಚಹಾವನ್ನು ಬಸಿಗೆ ಸುರಿದುಕೊಂಡು ಸೊರ್ ಎಂದು ಎಳೆದರೆ ಆಚೆ ಓಣಿಗೆ ಕೇಳುತ್ತದೆ. ಕೈ ಒರೆಸಲು ನನ್ನ ಟವೆಲ್ಲೇ ಬೇಕು.

ಮದುವೆಯಲ್ಲಿ ಅಪ್ಪ ನಮ್ಮಿಬ್ಬರಿಗೂ ಬುದ್ಧನ ಪಂಚಶೀಲ ಹೇಳಿಸಿದರಲ್ಲ, ನೆನಪಿದೆಯೇ? ಸುಳ್ಳಾಡುವುದಿಲ್ಲ ಎನ್ನುವ ನಾಲ್ಕನೆಯದು ಬಂದಾಗ ಅವನು ಬಾಯಿಯೇ ತೆರೆಯಲಿಲ್ಲ, "ಹ್ಞೂಂ" ಎಂದ ಅಷ್ಟೇ. ಅಪ್ಪ ಅದನ್ನು ನಾಚಿಕೆ ಎಂದುಕೊಂಡರು. ಬಾಯಲ್ಲಿ ಗುಟ್ಕಾ ಇತ್ತು ಅಕ್ಕಾ.

ನನ್ನದು ಏನು ಹೋದರೂ ಒಂದು ಹೋಗುವುದಿಲ್ಲ. ಲ್ಯಾಬಿನಲ್ಲಿ ನಾನು ಬರೆದುಕೊಟ್ಟ ಚೀಟಿಯನ್ನು ಇಷ್ಟು ವರ್ಷಗಳಲ್ಲಿ ಯಾರೂ ಮತ್ತೊಂದು ಕಡೆ ತೋರಿಸಿಕೊಂಡು ಬಂದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳುವವಳು ಎಂದು ಹೆಸರಿದೆ. ಇವನ ಸಂಗಡ ಇದ್ದು ಅದೊಂದು ಕೆಟ್ಟರೆ ಅವತ್ತೇ ಬಸ್ಸು ಹತ್ತುತ್ತೇನೆ. ನೆನಪಿಟ್ಟುಕೊ.

ಅನು

*

ಲಿಂಗಸುಗೂರು
16 ಡಿಸೆಂಬರ್ 2021

ಅನೂ,

ನಿನ್ನ ಕಾಗದ ಓದಿ ಕೈ ತೊಳೆದುಕೊಂಡೆ.

ಅವತ್ತಿನ ತನಕ ಯಾಕೆ ಕಾಯುತ್ತೀ? ಈಗಲೇ ಹತ್ತು. ನನ್ನ ಬಾಡಿಗೆ ಮನೆಯ ಹಿಂದಿನ ಕೋಣೆ ಖಾಲಿ ಇದೆ. ಶಾಲೆಯ ಹಳೆಯ ಪುಸ್ತಕ ತುಂಬಿದ್ದೇನೆ, ಒಂದು ಭಾನುವಾರದ ಕೆಲಸ. ನಿನಗೆ ಇಲ್ಲಿಗೆ ವರ್ಗ ಸಿಗದಿದ್ದರೆ ಮಸ್ಕಿಗೆ ಕೇಳು, ಅಲ್ಲಿಂದ ದಿನಾ ಓಡಾಡಬಹುದು.

ನಾನು ಮದುವೆಯಾಗಿ ಹುಲಿಗೇಶನ ಮನೆಯಲ್ಲಿ ಇದ್ದದ್ದು ಹತ್ತೇ ತಿಂಗಳು. ಅವನು ಉಳ್ಳಾಗಡ್ಡಿಯನ್ನು ನೆಲದ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು, ಅದೇ ಕೈಯಿಂದ ರೊಟ್ಟಿ ಮುರಿದು, ಬೆರಳು ನೆಕ್ಕಿ, ನೆಕ್ಕಿದ ಬೆರಳನ್ನು ಪಲ್ಯದ ಪಾತ್ರೆಗೆ ಅದ್ದುತ್ತಿದ್ದ. ಒಂದು ದಿನ ಊಟದ ಮಧ್ಯೆ ಎದ್ದವಳು ಎದ್ದೇಬಿಟ್ಟೆ. ಜನ ಏನೇನೋ ಕಾರಣ ಹುಡುಕಿದರು. ಕಾರಣ ಇಷ್ಟೇ. ಹತ್ತು ವರ್ಷವಾಯಿತು, ಆ ಮನೆಯದು ಒಂದು ಚೂರೂ ನನಗೆ ಅಂಟಲಿಲ್ಲ. ಯಾಕೆಂದರೆ ಬೇಗ ಬಂದೆ. ಸಂಸಾರ ಎಂದರೆ ಒಂದೇ ತಟ್ಟೆಯಲ್ಲಿ ಇಬ್ಬರು ಕೈಯಾಡಿಸುವುದು. ಸ್ವಲ್ಪ ದಿನದಲ್ಲಿ ಎಂಜಲು ಯಾರದೆಂದು ತಿಳಿಯುವುದಿಲ್ಲ.

ಬಾ.

ಭಾರತಿ

*

ಬಳಗಾನೂರು
3 ಮೇ 2022

ಅಕ್ಕಾ,

ಅಪ್ಪನ ಆರೋಗ್ಯದ ವಿಷಯ ಫೋನಿನಲ್ಲಿ ಕೇಳಿದೆ, ಅದು ಸ್ಪೀಕರಿಗೆ ಆಗುವ ಮಾತು. ಇದು ಆಗುವುದಿಲ್ಲ.

ಬೇಸಿಗೆ ಬೆಳೆಯ ಭತ್ತ ಬರುತ್ತಿದೆ. ನಿನ್ನೆ ಅತ್ತೆಗೆ ಕಾಲುನೋವು, ಊಟದ ಡಬ್ಬಿ ತೆಗೆದುಕೊಂಡು ನಾನೇ ಗಿರಣಿಗೆ ಹೋದೆ. ಅವನು ನನ್ನನ್ನು ನೋಡಲಿಲ್ಲ. ಒಬ್ಬ ಮುದುಕನ ಚೀಲ ಚುಚ್ಚಿ ಕಾಳು ಬಾಯಿಗೆ ಹಾಕಿಕೊಂಡ. ನಾನು ನಾಲ್ಕು ಮಾರು ದೂರದಲ್ಲಿದ್ದೆ. ಕಟ್ ಎಂದದ್ದು ನನಗೇ ಕೇಳಿಸಿತು. ಉಗುಳಿ, ಮುದುಕನ ಮುಖ ನೋಡದೆ "ಹದಿನೆಂಟು" ಎಂದ. ಮುದುಕ ತಲೆಯ ಟವೆಲ್ ತೆಗೆದು ಮತ್ತೆ ಸುತ್ತಿಕೊಂಡ. ನಾನು ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ಬಂದುಬಿಟ್ಟೆ.

ಸಂಜೆ ಕೇಳಿದೆ. "ಒಣ ಭತ್ತಕ್ಕ ಹಸಿ ಅಂದ್ರೆಲ್ಲ, ಯಾಕ?"

"ಎಲ್ಲಾರೂ ಅನ್ನೋದ ಹಂಗ. ಗಿರಣಿ ಸಾವ್ಕಾರ ಮುಂಜಾನೆನ ಹೇಳಿರ್ತಾನ, ಇವತ್ತು ಮೂರು ಹೆಚ್ಚಿಗಿ ಹೇಳು, ನಾಕು ಹೆಚ್ಚಿಗಿ ಹೇಳು ಅಂತ."

"ನೀರು ಅಳೆಯೋ ಮಷಿನ್ ಐತೆಲ್ಲ?"

"ಮಷಿನ್ನ ಯಾವ ರೈತ ನಂಬ್ತಾನ? ಅವ್ರು ನನ್ನ ಹಲ್ಲು ನಂಬ್ತಾರ."

"ನಂಬ್ತಾರಂತನ ಸುಳ್ಳು ಹೇಳ್ತೀರಿ. ಥೂ."

ಆ ಥೂ ನನ್ನ ಬಾಯಿಂದ ಬಂದದ್ದು ಅಕ್ಕಾ. ಅವನು ನಕ್ಕುಬಿಟ್ಟ. "ನೋಡವ್ವ, ಕಲ್ತಾಳ" ಎಂದು ಅತ್ತೆಗೆ ಹೇಳಿದ.

ಇನ್ನು ಮೇಲೆ ಅವನ ಜೊತೆ ಕೂತು ಉಣ್ಣುವುದಿಲ್ಲ ಎಂದು ಹೇಳಿದ್ದೇನೆ. ನಗು ನಿಂತಿತು. ಇವತ್ತು ಬೆಳಿಗ್ಗೆ ಹೋಗುವಾಗ ಒಂದು ಕರವಸ್ತ್ರ ಕೇಳಿದ, ಹೊಟ್ಟನ್ನು ಅದರಲ್ಲಿ ಉಗುಳುತ್ತೇನೆ ಎಂದ. ಕೊಟ್ಟೆ. ಅದನ್ನು ಒಗೆಯುವವಳು ನಾನೇ ಎಂಬುದು ಆಮೇಲೆ ಹೊಳೆಯಿತು.

ಅನು

*

ಲಿಂಗಸುಗೂರು
21 ಮೇ 2022

ಅನೂ,

ಒಂದು ಕರವಸ್ತ್ರಕ್ಕೆ ಅರ್ಧ ಪುಟ ಬರೆದಿದ್ದೀ. ಅದು ನನಗೆ ಹಿಡಿಸಲಿಲ್ಲ.

ನೀನು ಅವನನ್ನು ತಿದ್ದಲು ಹೊರಟಿದ್ದೀ. ಇಪ್ಪತ್ತು ವರ್ಷದಿಂದ ಮಕ್ಕಳನ್ನು ತಿದ್ದುತ್ತಿದ್ದೇನೆ, ಹೇಳುತ್ತೇನೆ ಕೇಳು: ದಿನವಿಡೀ ತಪ್ಪು ಅಕ್ಷರ ನೋಡಿ ನೋಡಿ ಸಂಜೆಯ ಹೊತ್ತಿಗೆ ನನ್ನ ಕೈಯೇ ತಪ್ಪು ಬರೆಯುತ್ತದೆ. ನಾನಾದರೆ ನಾಲ್ಕೂವರೆಗೆ ಮನೆಗೆ ಬರುತ್ತೇನೆ. ನೀನು ಎಲ್ಲಿಗೆ ಹೋಗುತ್ತೀ?

ಇನ್ನೊಂದು. ನಾಲ್ಕು ಮಾರು ದೂರದಿಂದ ಭತ್ತದ ಸದ್ದು ಕೇಳಿ ಒಣಗಿದ್ದು ಎಂದು ನಿನಗೆ ಹೇಗೆ ತಿಳಿಯಿತು? ನಾವು ಸಂತೆಕಲ್ಲೂರಿನವರು. ಜೋಳ, ತೊಗರಿ ಬಿಟ್ಟು ಬೇರೆ ಕಾಳು ಕಂಡವರಲ್ಲ.

ಕೋಣೆಗೆ ಸುಣ್ಣ ಹೊಡೆಸಿದ್ದೇನೆ.

ಭಾರತಿ

*

ಬಳಗಾನೂರು
28 ನವೆಂಬರ್ 2023

ಅಕ್ಕಾ,

ಒಂದೂವರೆ ವರ್ಷ ಕಾಗದ ಬರೆಯಲಿಲ್ಲ. ನೀನು ಕೇಳಿದ ಪ್ರಶ್ನೆಯ ಮೇಲೆ ಸಿಟ್ಟಿತ್ತು. ಈಗ ಸಿಟ್ಟಿಗೆ ಪುರುಸೊತ್ತಿಲ್ಲ.

ಆಗಸ್ಟಿನಲ್ಲಿ ಇವರು ಆಕಳಿಸುವಾಗ ಎಡಗೆನ್ನೆಯ ಒಳಗೆ ಬೆಳ್ಳಗೆ ಒಂದು ಮಚ್ಚೆ ಕಂಡಿತು. ಬ್ಯಾಟರಿ ಹಾಕಿ ನೋಡಿದೆ. ಒಳಗೆ ಹೋಗಿ ಕೂತೆ. ಲ್ಯಾಬಿನವಳಿಗೆ ಅದು ಏನಾಗಿರಬಹುದೆಂದು ಗೊತ್ತಿರುತ್ತದೆ. ರಾಯಚೂರಿಗೆ ಕರೆದುಕೊಂಡು ಹೋದೆ. ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಹನ್ನೊಂದು ದಿನ. ಆ ಹನ್ನೊಂದು ದಿನ ದಿನಕ್ಕೆ ಮೂರು ಸಲ ಇವರ ಬಾಯಿಯೊಳಗೆ ಬೆರಳು ಹಾಕಿ ಔಷಧಿ ಸವರಿದೆ. ಇದೇ ಬಾಯಿಯನ್ನು ನಿನಗೆ ಬೈದು ಬರೆದಿದ್ದೆ. ಅಸಹ್ಯ ಎಲ್ಲಿ ಹೋಗಿತ್ತೋ, ಕರೆದರೂ ಬರಲಿಲ್ಲ. ಒಮ್ಮೆ ನನ್ನ ಬೆರಳು ಬಾಯಲ್ಲಿದ್ದಾಗಲೇ ಇವರು ಅತ್ತರು. "ಸುಳ್ಳು ಆಡಿದ ಬಾಯಿ ಇದು, ಅದಕ್ಕ ಹಿಂಗಾಗೈತಿ" ಎಂದರು. ಗುಟ್ಕಾದಿಂದ ಆಗಿದ್ದು ಎಂದೆ. ಇವರು ಕೇಳಲಿಲ್ಲ.

ಕ್ಯಾನ್ಸರ್ ಅಲ್ಲ. ಆದರೆ ಗುಟ್ಕಾ ಪೂರ್ತಿ ಬಿಡಬೇಕು, ಒರಟು ಹೊಟ್ಟು ಬಾಯಿಗೆ ಹಾಕಲೇಬಾರದು ಎಂದರು. ಗುಟ್ಕಾ ಬಿಟ್ಟರು. ಹೊಟ್ಟು ಬಿಟ್ಟರೆ ಕೆಲಸ ಎಲ್ಲಿ? ರೈತರು ಮಷಿನ್ ಒಪ್ಪುವುದಿಲ್ಲ, ಹಲ್ಲಿಲ್ಲದ ಖರೀದಿದಾರನನ್ನು ಸಾವುಕಾರ ಇಟ್ಟುಕೊಳ್ಳುವುದಿಲ್ಲ. ಮತ್ತೆ ಚೀಲ ಹೊರಲು ಇವರಿಗೆ ಬೆನ್ನಿಲ್ಲ.

ಅದಕ್ಕೆ ನಾನು ಕಚ್ಚುತ್ತಿದ್ದೇನೆ.

ಆಸ್ಪತ್ರೆ ಮುಗಿದ ಮೇಲೆ ಸಂಜೆ ಎರಡು ತಾಸು, ಭಾನುವಾರ ಇಡೀ ದಿನ. ಆ ಹೊತ್ತಿಗೇ ಲೋಡು ತರಲು ಇವರು ಎಲ್ಲರಿಗೂ ಹೇಳಿದ್ದಾರೆ. ಇವರು ಚುಚ್ಚಿ ತೆಗೆದು ನನ್ನ ಅಂಗೈಗೆ ಹಾಕುತ್ತಾರೆ. ಮೊದಲ ದಿನ ಗೋದಾಮಿನ ಹಿಂದೆ ಹೋಗಿ ವಾಂತಿ ಮಾಡಿದೆ. ಮೂರನೆಯ ವಾರಕ್ಕೆ ಮಷಿನ್ನಿಗೂ ನನಗೂ ಅರ್ಧ ಅಂಕಿಯಷ್ಟೂ ವ್ಯತ್ಯಾಸ ಬರಲಿಲ್ಲ. ಒಂದು ಷರತ್ತು ಹಾಕಿದ್ದೇನೆ: ನನ್ನ ಬಾಯಿಂದ ಇದ್ದದ್ದೇ ಬರುವುದು. "ನೀ ಏನಂತಿ ಅದ" ಎಂದರು ಇವರು.

ಅನು

*

ಲಿಂಗಸುಗೂರು
12 ಡಿಸೆಂಬರ್ 2023

ಅನೂ,

ಅವರಿಗೆ ಕ್ಯಾನ್ಸರ್ ಅಲ್ಲವೆಂದು ಕೇಳಿ ಸಮಾಧಾನವಾಯಿತು. ಇದನ್ನು ನಿಜವಾಗಿ ಬರೆಯುತ್ತಿದ್ದೇನೆ, ನಂಬು.

ನೀನು ಕಚ್ಚುವ ಸಂಗತಿಯನ್ನು ಮಾತ್ರ ಅಪ್ಪನಿಗೆ ಹೇಳಿಲ್ಲ. ಡಿಗ್ರಿ ಓದಿಸಿ ಲ್ಯಾಬಿಗೆ ಕಳಿಸಿದ ಮಗಳು ಗಿರಣಿಯಲ್ಲಿ ಗಂಡಸರ ಮಧ್ಯೆ ನಿಂತು ಉಗುಳುತ್ತಾಳೆ ಎಂದು ಹೇಗೆ ಹೇಳಲಿ? ಒಂದು ಕೇಳುತ್ತೇನೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಆ ಸಾವುಕಾರ ಸುಮ್ಮನಿದ್ದಾನೆಯೇ?

ನಿನ್ನ ಮುಖ ನೋಡಿ ಎಷ್ಟು ದಿನವಾಯಿತು. ಬೇಸಿಗೆ ರಜೆಯಲ್ಲಿ ಮಸ್ಕಿಗೆ ಬಾ, ನಾನೂ ಬರುತ್ತೇನೆ. ಇಬ್ಬರಿಗೂ ಅರ್ಧ ದಾರಿ.

ಭಾರತಿ

*

ಬಳಗಾನೂರು
2 ಮೇ 2024

ಅಕ್ಕಾ,

ಹನ್ನೆರಡನೇ ತಾರೀಕು ಭಾನುವಾರ ಮಸ್ಕಿ ಬಸ್ ಸ್ಟ್ಯಾಂಡಿಗೆ ಬರುತ್ತೇನೆ. ಅಷ್ಟರಲ್ಲಿ ಸುಗ್ಗಿಯ ಗದ್ದಲ ಕಡಿಮೆಯಾಗುತ್ತದೆ.

ಸಾವುಕಾರನ ಬಗ್ಗೆ ಕೇಳಿದ್ದೆಯಲ್ಲ. ಗುರುಗುಟ್ಟುತ್ತಾನೆ. ಸ್ವಲ್ಪ ಹೆಚ್ಚುಕಡಿಮೆ ಎಲ್ಲಾ ಕಡೆ ನಡೆಯುವುದೇ, ನಾವೊಬ್ಬರೇ ಸತ್ಯವಂತರಾಗಿ ಕೂತರೆ ನಾಳೆ ಒಲೆ ಹತ್ತಬೇಕಲ್ಲ. ಹೋದ ವಾರದ ತಮಾಷೆ ಕೇಳು. ಕಾಲುವೆ ನೀರಿಗೆಂದು ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಒಬ್ಬ ದೊಡ್ಡ ರೈತ ಬಂದ, ಬಿಳಿ ಅಂಗಿ, ಕೈಯಲ್ಲಿ ಕಾರಿನ ಕೀಲಿ. ನಾನು ಕಾಳು ಬಾಯಿಗೆ ಹಾಕಿಕೊಂಡಾಗ "ಹೆಣ್ಮಗಳ ಹಲ್ಲಿಗೇನು ತಿಳಿತೈತಿ" ಎಂದು ಪಕ್ಕದವನಿಗೆ ಹೇಳಿದ. ಹದಿನೈದಿತ್ತು. "ಹತ್ತೊಂಬತ್ತು" ಎಂದೆ! ಅವನ ಮುಖ ನೀನು ನೋಡಬೇಕಿತ್ತು. ಕೀಲಿ ತಿರುಗಿಸುವುದೇ ನಿಂತಿತು. ಸಾವುಕಾರನಿಗೆ ಖುಷಿ, ನನಗೂ ಖುಷಿ. ಅಂಥವರಿಗೆ ಹಾಗೇ ಆಗಬೇಕು.

ಇವರು ಅವತ್ತು ಊಟ ಬೇಡ ಎಂದರು. ಬಾಯಿ ಮತ್ತೆ ಉರಿಯುತ್ತಿರಬೇಕು, ಔಷಧಿ ಬದಲಿಸಬೇಕು.

ಅನು

*

ಲಿಂಗಸುಗೂರು
19 ಮೇ 2024

ಅನೂ,

ಮಸ್ಕಿಯಿಂದ ಬಂದು ವಾರವಾಯಿತು. ಬರೆಯಲೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ.

ಹೋಟೆಲಿನಲ್ಲಿ ಚಹಾ ಬಂತು. ನೀನು ಅದನ್ನು ಬಸಿಗೆ ಸುರಿದುಕೊಂಡು ಸೊರ್ ಎಂದು ಎಳೆದೆ. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಆಮೇಲೆ ಬ್ಯಾಗಿನಿಂದ ಏನೋ ಎರಡು ಕಾಳು ತೆಗೆದು ಬಾಯಿಗೆ ಹಾಕಿಕೊಂಡು, ಅಪ್ಪನ ಔಷಧಿಯ ಬಗ್ಗೆ ಮಾತಾಡುತ್ತಲೇ ಕಚ್ಚಿ, ನೆಲಕ್ಕೆ ಉಗುಳಿದೆ. ಹೊಟ್ಟು ನನ್ನ ಪಾದದ ಮೇಲೆ ಬಿತ್ತು. ನಾನು ಕಾಲು ಎಳೆದುಕೊಂಡೆ. ನಿನಗೆ ಅದು ಕಾಣಲೂ ಇಲ್ಲ.

ಅದನ್ನಾದರೂ ತಡೆದುಕೊಂಡೆ. ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತ ಮುದುಕಿಗೆ ನೀನು ಹೇಳಿದ್ದನ್ನು ತಡೆದುಕೊಳ್ಳಲಾಗುತ್ತಿಲ್ಲ. ಹಣ್ಣು ಕೈಗೆ ತೆಗೆದುಕೊಂಡು, ನೋಡಿದ ಹಾಗೆ ಮಾಡಿ, "ಹುಳ ಐತಿ ಇದರಾಗ" ಎಂದೆ. ಅವಳು ಹೆದರಿ ಎರಡು ಹಣ್ಣು ಹೆಚ್ಚಿಗೆ ಹಾಕಿದಳು. ಬಸ್ಸಿನಲ್ಲಿ ನಾನು ನೀನು ನನ್ನ ಚೀಲಕ್ಕೆ ಹಾಕಿದ ಆ ಐದೂ ಹಣ್ಣು ಸೀಳಿ ನೋಡಿದೆ. ಒಂದರಲ್ಲೂ ಹುಳ ಇರಲಿಲ್ಲ. ಕಿಟಕಿಯಿಂದ ಎಸೆದೆ.

ಬಂದುಬಿಡು ಎಂದು ಬರೆಯುತ್ತಿದ್ದೆ. ಈಗ ಬಂದರೆ ಬರುವವಳು ಯಾರೆಂದು ನನಗೆ ಗೊತ್ತಿಲ್ಲ. ಅವನ ಮನೆಯ ಎಲ್ಲ ಕೊಳೆಯನ್ನೂ ಮೈಗೆ ಹಚ್ಚಿಕೊಂಡು ಕೂತಿದ್ದೀಯ. ನಿನ್ನನ್ನು ನೋಡಿ ನನಗೆ ಹೇಸಿಗೆಯಾಯಿತು. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಭಾರತಿ

*

ಬಳಗಾನೂರು
27 ಮೇ 2024

ಭಾರತಿ ಟೀಚರರಿಗೆ,

ತಪ್ಪುಗಳಿಗೆ ಕೆಂಪು ಗೆರೆ ಎಳೆದು ಕಳಿಸಿದ್ದೀರಿ, ತಲುಪಿದೆ.

ಹುಳವಿಲ್ಲದ ಹಣ್ಣನ್ನು ಕಿಟಕಿಯಿಂದ ಎಸೆಯುವಷ್ಟು ಮಡಿ ನಿನ್ನದು. ಆ ಮಡಿ ಹೇಗೆ ಉಳಿಯಿತು ಎಂದು ನನಗೆ ಗೊತ್ತು. ಹಬ್ಬಕ್ಕೆಂದು ಅಟ್ಟದ ಮೇಲಿಟ್ಟ ಹಿತ್ತಾಳೆ ತಟ್ಟೆಗೂ ಎಂಜಲಿರುವುದಿಲ್ಲ. ಅದರಲ್ಲಿ ಯಾರೂ ಉಂಡಿಲ್ಲ, ಅಷ್ಟೇ. ಒಬ್ಬ ಮನುಷ್ಯ ಸಾಯುತ್ತಾನೇನೋ ಎಂದು ಅವನ ಬಾಯಿಗೆ ಬೆರಳು ಹಾಕಿ ಕೂತವಳಿಗೆ ಬಸಿ ಯಾವುದು, ಕಪ್ಪು ಯಾವುದು ಎಂದು ನೀನು ಕಲಿಸಬೇಡ.

ಇನ್ನು ಬರೆಯುವುದಿಲ್ಲ.

ಅನುಪಮಾ

*

ಬಳಗಾನೂರು
11 ಡಿಸೆಂಬರ್ 2024

ಅಕ್ಕಾ,

ಬರೆಯುವುದಿಲ್ಲ ಎಂದಿದ್ದೆ. ಹೇಳಲು ಬೇರೆ ಯಾರೂ ಇಲ್ಲ. ಓದಿ ಹರಿದು ಹಾಕು.

ರೇಣುಕಮ್ಮ ಎಂದು ಒಬ್ಬ ಹೆಣ್ಣುಮಗಳು. ಕಾಲುವೆಯ ಕೊನೆಯ ಭಾಗದಲ್ಲಿ ಎರಡೆಕರೆ ಪಾಲಿಗೆ ಮಾಡುತ್ತಾಳೆ. ಜುಲೈನಲ್ಲಿ ಗಂಡನ ಕಫ ತಂದಿದ್ದಳು. ಎಲ್ಲರೂ ಬರೀ ಕೆಮ್ಮು ಎಂದಿದ್ದರು. ನಾನು ಕ್ಷಯ ಎಂದು ಬರೆದುಕೊಟ್ಟೆ, ಚಿಕಿತ್ಸೆ ನಡೆಯುತ್ತಿದೆ, ಈಗ ಎದ್ದು ಓಡಾಡುತ್ತಾನೆ. ಅಂದಿನಿಂದ ಅವಳಿಗೆ ನಾನು ಹೇಳಿದ್ದೇ ಮಾತು.

ಮೊನ್ನೆ ಭಾನುವಾರ ಗಿರಣಿಗೆ ಭತ್ತ ತಂದಳು. ದಾರಿಯಲ್ಲಿ ಎರಡು ಗಿರಣಿ ದಾಟಿ ಬಂದಿದ್ದಳು. "ನಿಮ್ಮ ಹಲ್ಲು ಅಂತ ತಿಳದ ಇಲ್ಲೀಗಿ ತಂದೀನ್ರಿ ಅಕ್ಕಾರ. ನೀವು ಹೇಳಿದ್ರ ಅದು ಖರೇನ ಇರ್ತೈತಿ" ಎಂದಳು. ಇವರು ಚುಚ್ಚಿ ನಾಲ್ಕು ಕಾಳು ನನ್ನ ಕೈಗೆ ಹಾಕಿದರು. ಕಚ್ಚಿದೆ. ಕಟ್ ಎಂದಿತು. ಅಷ್ಟು ಚೆನ್ನಾಗಿ ಒಣಗಿದ ಭತ್ತವನ್ನು ಈ ಸುಗ್ಗಿಯಲ್ಲಿ ನಾನು ಕಚ್ಚಿಯೇ ಇರಲಿಲ್ಲ.

"ಹದಿನೇಳು" ಎಂದೆ.

ಅಕ್ಕಾ, ಸಾವುಕಾರ ಅವತ್ತು ಏನೂ ಹೇಳಿರಲಿಲ್ಲ, ಅವನು ಊರಲ್ಲೇ ಇರಲಿಲ್ಲ. ರೇಣುಕಮ್ಮನ ಮೇಲೆ ನನಗೆ ಸಿಟ್ಟೂ ಇರಲಿಲ್ಲ. ಬಾಯಿ ತೆರೆದೆ, ಅದು ಬಂತು. ಉಗುಳಿದ ಹಾಗೆ ಬಂತು.

ಅವಳು ಜಗಳವಾಡಿದ್ದರೆ ಉಳಿದುಕೊಳ್ಳುತ್ತಿದ್ದೆ. "ಹೌದನ್ರಿ? ನಾಕು ದಿನ ಬಿಸಲಿಗಿ ಹಾಕಿದ್ದೆ. ನೀವು ಅಂದ್ರ ಹಸಿ ಇದ್ದೀತು ಬಿಡ್ರಿ" ಎಂದಳು. ನಾಲ್ಕು ದಿನ ತಾನೇ ಕಾಲಿನಿಂದ ಕೆದರಿ ಒಣಗಿಸಿದ್ದಾಳೆ, ಆ ಬಿಸಿಲಿಗಿಂತ ನನ್ನ ಬಾಯಿಯನ್ನು ನಂಬಿದಳು.

ಆಗ ಇವರು ಕೊಳವೆಯಲ್ಲಿ ಉಳಿದ ಕಾಳನ್ನು ತಮ್ಮ ಬಾಯಿಗೆ ಹಾಕಿಕೊಂಡರು. ಬೇಡ ಎಂದು ಕೂಗಿದೆ. ಕಚ್ಚಿದರು. ಇಡೀ ಗಿರಣಿಗೆ ಕೇಳುವ ಹಾಗೆ "ಹದಿಮೂರು" ಎಂದರು. "ಹದಿಮೂರ ಐತವ್ವ. ಆಕಿ ತಪ್ಪಿ ಹೇಳ್ಯಾಳ. ಕಡಿತ ಇಲ್ಲ, ತೂಕಕ್ಕ ಹಚ್ಚು." ಹೊಟ್ಟನ್ನು ಕರವಸ್ತ್ರಕ್ಕೆ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು. ನಾನು ಕೆಳಗೆ ನೋಡಿದೆ. ನಾನು ಉಗುಳಿದ ಹೊಟ್ಟು ರೇಣುಕಮ್ಮನ ಪಾದದ ಮೇಲಿತ್ತು.

ಅವಳು ಕಾಲು ಎಳೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

ಮನೆಗೆ ಬಂದು "ತಪ್ಪಿ ಹೇಳ್ಯಾಳ ಅಂದ್ರಿ, ನಾ ತಪ್ಪಲಿಲ್ಲ" ಎಂದೆ.

"ಗೊತ್ತು" ಎಂದರು. "ಕ್ಯಾಂಪಿನಾಂವಗ ಹತ್ತೊಂಬತ್ತು ಅಂದಿ ನೋಡು, ಅವತ್ತಿಂದ ಗೊತ್ತು. ಹೇಳಾಕ ಯಾವ ಬಾಯಿ ಐತಿ ನನಗ?"

"ನಿಮ್ಮಿಂದನ ಕಲ್ತಿದ್ದು."

"ಹೌದು. ನಿನ್ನಿಂದ ನಾ ಬಿಟ್ಟಿದ್ದು. ಮದಿವಿ ದಿನ ನನ್ನ ಬಾಯಾಗ ಗುಟ್ಕಾ ಇತ್ತು ಅನುಪಮಾ. ಈಗಿಲ್ಲ."

ಇವರು ಎಂದು ಬದಲಾದರು? ನಾನು ನೋಡುತ್ತಲೇ ಇದ್ದೆ, ನೋಡಲಿಲ್ಲ. ಸೋಪು ಹಚ್ಚಿ ಕೈ ತೊಳೆಯುತ್ತಾರೆ, ಟವೆಲ್ ಬೇರೆ, ಚಹಾ ಕಪ್ಪಿನಲ್ಲಿ. ಇವರನ್ನು ತೊಳೆದೆ ಎಂದು ಹೆಮ್ಮೆಯಿಂದಿದ್ದೆ. ತೊಳೆದ ನೀರನ್ನೆಲ್ಲ ನಾನೇ ಕುಡಿದಿದ್ದೇನೆ. ಇವತ್ತು ಹಲ್ಲು ಉಜ್ಜಿ ಉಜ್ಜಿ ಒಸಡಿನಿಂದ ರಕ್ತ ಬಂತು. ಹೇಸಿಗೆ ಎಂದು ನೀನು ಬರೆದ ಪದವೇ ಸರಿ, ಬೇರೆ ಇಲ್ಲ.

ಕೋಣೆ ಇನ್ನೂ ಇದೆಯೇ?

ಅನು

*

ಲಿಂಗಸುಗೂರು
18 ಡಿಸೆಂಬರ್ 2024

ಅನೂ,

ಕೋಣೆ ಇದೆ. ಬರುವ ಮುಂಚೆ ಇದನ್ನು ಓದು.

ಹತ್ತು ತಿಂಗಳಲ್ಲಿ ನನಗೆ ಏನೂ ಅಂಟಲಿಲ್ಲ ಎಂದು ಬರೆದಿದ್ದೆ. ನಾನು ಉಳ್ಳಾಗಡ್ಡಿ ಹೆಚ್ಚುವುದಿಲ್ಲ ಅನೂ. ಬಾಗಿಲು ಹಾಕಿಕೊಂಡು ನೆಲದ ಮೇಲಿಟ್ಟು ಗುದ್ದುತ್ತೇನೆ. ಹೆಚ್ಚಿದರೆ ಆ ರುಚಿ ಬರುವುದಿಲ್ಲ. ಬೆರಳು ನೆಕ್ಕುತ್ತೇನೆ. ಇದು ಯಾವಾಗ ಶುರುವಾಯಿತೋ ತಿಳಿಯದು. ಒಬ್ಬಳೇ ಮಲಗುವ ಮಂಚದಲ್ಲಿ ಇವತ್ತಿಗೂ ಗೋಡೆಗೆ ಒತ್ತಿಕೊಂಡು ಮಲಗುತ್ತೇನೆ, ಈಚೆ ಅರ್ಧ ಖಾಲಿ. ಮಸ್ಕಿಯಿಂದ ಬಂದು ನಿನಗೆ ಹೇಸಿಗೆ ಎಂದು ಬರೆದ ದಿನವೂ ಗುದ್ದಿಯೇ ಉಂಡಿದ್ದೆ.

ನಮ್ಮ ಶಾಲೆಗೆ ಹುಲಿಗೇಶನ ಊರಿನ ಸುರೇಖಾ ಎಂಬ ಟೀಚರ್ ಬಂದಿದ್ದಾರೆ. ಆ ಮನುಷ್ಯ ಉಂಡ ತಟ್ಟೆಯನ್ನು ತಾನೇ ತೊಳೆದು ಬೋರಲು ಹಾಕುತ್ತಾನಂತೆ, ಹೆಂಡತಿ ನಕ್ಕರೆ "ಮೊದಲನೇಕಿ ಕಲಿಸಿದ್ದು" ಎನ್ನುತ್ತಾನಂತೆ. ಕೇಳಿ ನಾನು ತರಗತಿಗೆ ಹೋಗಲಿಲ್ಲ. ಬಚ್ಚಲಲ್ಲಿ ನಿಂತು ಅತ್ತೆ. ಸಂತೋಷಕ್ಕಲ್ಲ. ನನ್ನಿಂದ ಒಳ್ಳೆಯದು ಕಿತ್ತುಕೊಂಡು ತನ್ನ ಹೊಲಸನ್ನು ನನಗೆ ಬಿಟ್ಟು ಹೋದ ಎಂದು ಸಿಟ್ಟು ಬಂತು. ಬಿಟ್ಟು ಬಂದವಳು ನಾನೇ ಎಂಬುದು ಆಮೇಲೆ ನೆನಪಾಯಿತು.

ಬರುವುದಾದರೆ ಬಾ. ಇಲ್ಲಿಗೆ ಬಂದರೆ ಅದು ತೊಳೆದುಹೋಗುತ್ತದೆ ಎಂದು ಮಾತ್ರ ಬರಬೇಡ. ಮೊದಲು ಆ ರೇಣುಕಮ್ಮನ ಮನೆಗೆ ಹೋಗಿ ಸುಳ್ಳು ಹೇಳಿದೆ ಎಂದು ಹೇಳು. ಹೇಳಿ ನನಗೆ ಬರೆ.

ಭಾರತಿ

*

ಬಳಗಾನೂರು
6 ಫೆಬ್ರವರಿ 2025

ಅಕ್ಕಾ,

ನಿನ್ನ ಕಾಗದ ಬಂದ ಮರುದಿನವೇ ರೇಣುಕಮ್ಮನ ಮನೆಗೆ ಹೋದೆ. ಅಂಗಳದಲ್ಲಿ ನಿಂತು, "ನಿನ್ನ ಭತ್ತ ಒಣಗಿತ್ತು, ನನಗ ಗೊತ್ತಿತ್ತು, ಸುಳ್ಳು ಹೇಳಿದೆ" ಎಂದೆ. ಬಯ್ಯಲಿಲ್ಲ. ಚಾಪೆ ಹಾಸಿದಳು. "ಹೋಗ್ಲಿ ಬಿಡ್ರಿ ಅಕ್ಕಾರ, ಎಲ್ಲಾರೂ ಅನ್ನೋದ ಹಂಗ" ಎಂದಳು. ಇವರು ನನಗೆ ಮೊದಲ ಸಲ ಹೇಳಿದ ಮಾತು ಅದೇ, ಅಕ್ಷರ ಬದಲಿಲ್ಲ. ಚಹಾ ಕೊಟ್ಟಳು. ಮುಗಿಯಿತು, ಕ್ಷಮಿಸಿದಳು ಎಂದುಕೊಂಡು ಹಗುರಾಗಿ ಬಂದೆ. ಗಿರಣಿಗೆ ಹೋಗುವುದನ್ನು ಬಿಟ್ಟೆ. ಇವರು ಮಷಿನ್ನನ್ನು ರೈತರ ಕೈಗೇ ಕೊಟ್ಟು ಓದಿಸುತ್ತಿದ್ದಾರೆ. ಸಾವುಕಾರ ಎಷ್ಟು ದಿನ ಇಟ್ಟುಕೊಳ್ಳುತ್ತಾನೋ ನೋಡಬೇಕು.

ಹೋದ ವಾರ ಅವಳ ಗಂಡನ ಚಿಕಿತ್ಸೆಗೆ ಆರು ತಿಂಗಳು ತುಂಬಿತು. ಕೊನೆಯ ಪರೀಕ್ಷೆಗೆ ಕಫ ತಂದಳು. ನಾನು ಎರಡು ಸಲ ನೋಡಿದೆ, ಮೂರನೆಯ ಸಲವೂ ನೋಡಿದೆ. ಒಂದು ಕ್ರಿಮಿಯೂ ಇಲ್ಲ. "ಪೂರಾ ಗುಣ ಆಗೈತಿ ನಿನ್ನ ಗಂಡಗ" ಎಂದು ಚೀಟಿ ಬರೆದುಕೊಟ್ಟೆ. ಎರಡೂ ಕೈಯಿಂದ ತೆಗೆದುಕೊಂಡಳು. ಅವಳು ನಗಲಿಲ್ಲವಲ್ಲ ಎಂದು ಅನ್ನಿಸಿತು, ಅಷ್ಟೇ.

ನಿನ್ನೆ ಸಂಜೆ ಸಿಂಧನೂರಿನಿಂದ ಫೋನು ಬಂತು. ಅಲ್ಲಿನ ಆಸ್ಪತ್ರೆಯ ಲ್ಯಾಬಿನ ನಾಸೀರ್, ನನ್ನ ಜೊತೆ ತರಬೇತಿಯಲ್ಲಿದ್ದವನು. ಅತ್ತೆ ಎಂದಿನಂತೆ ಸ್ಪೀಕರ್ ಹಾಕಿಯೇ ಕೊಟ್ಟಳು. "ನಿಮ್ಮ ಕಡೆಯಾಕಿ ಒಬ್ಬಾಕಿ, ರೇಣುಕಮ್ಮ ಅಂತ, ಗಂಡನ ಕಫ ತಂದಾಳ್ರಿ ಮೇಡಂ. ನೀವು ಮಾಡಿಕೊಟ್ಟ ಚೀಟಿ ಕೈಯಾಗ ಐತಿ. ಮತ್ಯಾಕ ತಂದಿ ಅಂದ್ರ ಸುಮ್ನ ನಿಂದ್ರತಾಳ, ನೀವ ಒಮ್ಮಿ ನೋಡ್ರಿ ಅಂತಾಳ. ಏನರ ತಪ್ಪಾಗಿತ್ತೇನ್ರಿ?"

ಮನೆಯವರೆಲ್ಲ ಕೇಳಿದರು. ಇವರು ಎದ್ದು ಬಂದು ಸ್ಪೀಕರ್ ಆರಿಸಿ ಫೋನನ್ನು ನನ್ನ ಕಿವಿಗೆ ಹಿಡಿದರು. ಈ ಮನೆಯಲ್ಲಿ ಅದು ಮೊದಲ ಸಲ.

"ಇಲ್ಲ, ತಪ್ಪಾಗಿಲ್ಲ. ನೋಡಿ ಕಳಿಸು" ಎಂದೆ. ಅವನೂ ನೋಡಿದ. ನಾನು ಬರೆದದ್ದೇ ಅಲ್ಲೂ ಬಂತು.

ಇದ್ದದ್ದು ಇದ್ದ ಹಾಗೆ ಹೇಳುವವಳು ಎಂಬ ಹೆಸರು ಕೆಟ್ಟರೆ ಅವತ್ತೇ ಬಸ್ಸು ಹತ್ತುತ್ತೇನೆ ಎಂದು ಮೊದಲ ಕಾಗದದಲ್ಲಿ ಬರೆದಿದ್ದೆ. ನಾನು ಹತ್ತಲಿಲ್ಲ ಅಕ್ಕಾ. ರೇಣುಕಮ್ಮ ಹತ್ತಿದಳು, ಒಂದು ದಿನದ ಕೂಲಿ ಬಿಟ್ಟು, ಕೈಯಲ್ಲಿ ಗಂಡನ ಕಫದ ಡಬ್ಬಿ ಹಿಡಿದುಕೊಂಡು.

ಅನು